ಜೋಡಿ ದೊಡ್ಡ ನಾಯಿಗಳನ್ನು ಒಟ್ಟಿಗೇ ದತ್ತು ತಗೊಳ್ಳಬಹುದಾ?

ಪ್ರಶ್ನೆ: ರಕ್ಷಿಸಿ ತಂದ ಎರಡು ದೊಡ್ಡ ನಾಯಿಗಳನ್ನು ನೋಡಿ ಬಂದೆ. ಒಂದನ್ನು ಹೊರಗೆ ಕರೆದುಕೊಂಡು ಹೋದರೆ ಇನ್ನೊಂದು ಬಾಗಿಲ ಸಂದಿಗೆ ಮೂಗು ಒತ್ತಿ ನಿಂತುಬಿಡುತ್ತದೆ, ಊಟ ಇಟ್ಟರೂ ತಿರುಗಿ ನೋಡಲ್ಲ. ಬೇರೆ ಮಾಡಲು ಮನಸ್ಸಿಲ್ಲ. ಆದರೆ ತಲಾ 35 ಕೆಜಿ ಇವೆ, ಸಂಭಾಳಿಸಬಹುದಾ?

ಉತ್ತರ 1: ಇಷ್ಟು ಹಚ್ಚಿಕೊಂಡಿದ್ದರೆ ಎರಡನ್ನೂ ತನ್ನಿ. ಖರ್ಚು ಮಾತ್ರ ಮೊದಲೇ ಲೆಕ್ಕ ಹಾಕಿ. ಔಷಧಿ, ಅರಿವಳಿಕೆ ಎಲ್ಲ ತೂಕದ ಮೇಲೆ ಹೋಗುತ್ತದೆ.

ಉತ್ತರ 2: ಊಟ ಬೇರೆ ಬೇರೆ ಕೋಣೆಯಲ್ಲಿ ಹಾಕಿ. ಎಷ್ಟೇ ಸ್ನೇಹ ಇದ್ದರೂ ಹೊಸ ಜಾಗದಲ್ಲಿ ಬಟ್ಟಲಿಗೆ ಜಗಳ ಆಗಬಹುದು, ಪೈಪೋಟಿಗೆ ಬಿದ್ದು ಗಬಗಬ ತಿನ್ನುತ್ತವೆ. ಆಳವಾದ ಎದೆಯ ದೊಡ್ಡ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಮೊದಲೇ ಜಾಸ್ತಿ. ಹೊಟ್ಟೆ ಬಿಗಿದು, ವಾಂತಿಗೆ ಒದ್ದಾಡಿದರೂ ಏನೂ ಹೊರಗೆ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ತಕ್ಷಣ ವೈದ್ಯರ ಹತ್ತಿರ ಓಡಿ.

ಉತ್ತರ 3: ದಿನಾ ಸ್ವಲ್ಪ ಹೊತ್ತು ಒಂದೊಂದನ್ನೇ ವಾಕಿಂಗ್ ಕರೆದೊಯ್ಯಿರಿ. ನಾಳೆ ಒಂದು ಆಸ್ಪತ್ರೆ ಸೇರಿದರೆ ಇನ್ನೊಂದಕ್ಕೆ ಒಂಟಿಯಾಗಿರುವ ಅಭ್ಯಾಸ ಇರಬೇಕು ಅಲ್ವಾ? ಎರಡೂ ಒಟ್ಟಿಗೆ ಬೆಕ್ಕು ಕಂಡು ಎಳೆದರೆ ಒಬ್ಬರ ಕೈಯಲ್ಲಿ ನಿಲ್ಲಲ್ಲ, ಶುರುವಿನಲ್ಲಿ ಇಬ್ಬರು ಹೋಗಿ. ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ (ಕತ್ತಿನ ಬದಲು ಎದೆ-ಬೆನ್ನಿಗೆ ಹಾಕುವ ಪಟ್ಟಿ) ತಗೊಳ್ಳಿ.