ಹಳೆ ಮ್ಯಾಸಿ 35: ಎಂಜಿನ್ ಎಚ್‌ಪಿ ಏರಿಸೋದು ಹೇಗೆ?

ಕೆಂಪುಮಣ್ಣು:
1960ರ ದಶಕದ ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರ್, ಪರ್ಕಿನ್ಸ್ 3 ಸಿಲಿಂಡರ್ ಡೀಸೆಲ್, 2.5 ಲೀಟರ್. ಕಲ್ಟಿವೇಟರ್ ಸ್ವಲ್ಪ ಆಳಕ್ಕೆ ಇಳಿಸಿದರೆ ಎಂಜಿನ್ ಕುಗ್ಗಿ ಕಪ್ಪು ಹೊಗೆ ಕಾರುತ್ತೆ. ಪಂಪಲ್ಲಿ ಡೀಸೆಲ್ ಜಾಸ್ತಿ ಮಾಡಿಸಿ, ಟರ್ಬೊ ಹಾಕಿಸಿದರೆ 50 ಎಚ್‌ಪಿ ಬರುತ್ತೆ ಅಂತಾರೆ. ಎಂಜಿನ್ ತಡೆಯುತ್ತಾ?

ಡೀಸೆಲ್ ಪಂಪು:
ಹೊಗೆ ಈಗಲೇ ಕಪ್ಪಗಿದ್ದರೆ ಡೀಸೆಲ್ ಕಮ್ಮಿ ಬೀಳ್ತಿಲ್ಲ, ಅದು ಉರಿಯೋಕೆ ಗಾಳಿ ಸಾಲ್ತಿಲ್ಲ. ಇಲ್ಲವೇ ಡೀಸೆಲ್ ಚಿಮ್ಮಿಸೋ ನಾಜಲ್ ಸರಿಯಾಗಿ ಸಿಂಪಡಿಸ್ತಿಲ್ಲ.

ಲೆಕ್ಕ ಹಾಕಿ ನೋಡಿ. 2000 ಆರ್‌ಪಿಎಂನಲ್ಲಿ ಈ ಎಂಜಿನ್ ನಿಮಿಷಕ್ಕೆ ಹೆಚ್ಚೆಂದರೆ 2500 ಲೀಟರ್ ಗಾಳಿ ಎಳೆದುಕೊಳ್ಳುತ್ತೆ. ಸಿಲಿಂಡರ್ ಪೂರ್ತಿ ತುಂಬಲ್ಲ, 85% ಅಂತ ಹಿಡಿದರೆ ಸುಮಾರು 2.4 ಕೆಜಿ ಗಾಳಿ. ಹೊಗೆ ಇಲ್ಲದೆ ಉರಿಯೋಕೆ 1 ಕೆಜಿ ಡೀಸೆಲ್‌ಗೆ 20 ಕೆಜಿಯಷ್ಟು ಗಾಳಿ ಬೇಕು. ಅಂದರೆ ಗಂಟೆಗೆ ಸುಮಾರು 7.3 ಕೆಜಿ ಡೀಸೆಲ್. ಒಂದು ಕಿಲೋವ್ಯಾಟ್‌ಗೆ ಗಂಟೆಗೆ 250 ಗ್ರಾಂ ಹಿಡಿದರೆ 29 ಕಿಲೋವ್ಯಾಟ್, ಅಂದರೆ 39 ಎಚ್‌ಪಿ. ಕಂಪನಿ ಕೊಟ್ಟಿದ್ದೂ ಹೆಚ್ಚುಕಮ್ಮಿ ಅಷ್ಟೇ. ಇದರ ಮೇಲೆ ಪಂಪ್ ಏರಿಸಿದರೆ ಒಂದೆರಡು ಎಚ್‌ಪಿ ಸಿಗಬಹುದು, ಜೊತೆಗೆ ಪಿಸ್ಟನ್ ತಲೆ ಕಾದು ಸೀಳು ಬಿಡುತ್ತೆ. ಕೋಲಾರ, ಬೆಂಗಳೂರಿನ ಎತ್ತರದಲ್ಲಿ ಗಾಳಿ ಕರಾವಳಿಗಿಂತ ಸುಮಾರು 8% ತೆಳು ಅನ್ನೋದನ್ನೂ ಸೇರಿಸಿಕೊಳ್ಳಿ.

ಸ್ಪ್ಯಾನರ್ ಪೆಟ್ಟಿಗೆ:
ಮೊದಲು ಕಳೆದುಹೋಗಿರೋ ಎಚ್‌ಪಿ ವಾಪಸ್ ತನ್ನಿ. ಏರ್ ಕ್ಲೀನರ್ ಬಟ್ಟಲು ಬಿಚ್ಚಿ, ತಳದ ಕೆಸರು ತೆಗೆದು, ಮೇಲಿನ ಜಾಲರಿಯನ್ನು ಡೀಸೆಲ್‌ನಲ್ಲಿ ತೊಳೆದು ಚೆನ್ನಾಗಿ ಸೋರಿಸಿ. ಬಟ್ಟಲಿಗೆ ಎಣ್ಣೆ ಗುರುತಿನವರೆಗೆ ಮಾತ್ರ. ಗುರುತು ದಾಟಿದರೆ ಅದೇ ಗಾಳಿಗೆ ಅಡ್ಡ.

ಆಮೇಲೆ ವಾಲ್ವ್ ಗ್ಯಾಪ್ (ವಾಲ್ವ್‌ಗೂ ಅದನ್ನು ಒತ್ತೋ ರಾಕರ್‌ಗೂ ನಡುವಿನ ಸಂದು): ಎಂಜಿನ್ ತಣ್ಣಗಿದ್ದಾಗ 0.30 ಮಿಮೀ, ಬಿಸಿ ಇದ್ದಾಗ 0.25. ಯಾವ ಸಿಲಿಂಡರ್ ನೋಡ್ತೀರೋ ಅದರ ಪಿಸ್ಟನ್ ಕಂಪ್ರೆಷನ್‌ನಲ್ಲಿ ಮೇಲಿರಬೇಕು. ಸಿಲಿಂಡರ್‌ಗಳು ಉರಿಯೋ ಕ್ರಮ (ಫೈರಿಂಗ್) 1-2-3. ಮೂರೂ ಇಂಜೆಕ್ಟರ್ ಬೆಂಚ್ ಮೇಲೆ ಟೆಸ್ಟ್ ಮಾಡಿಸಿ. ತುದಿಯಲ್ಲಿ ಹನಿ ನಿಂತರೆ ನಾಜಲ್ ಬದಲಿಸಿ.

ಹೊಗೆಯೇ ಇಲ್ಲದೆ ಎಂಜಿನ್ ಕುಗ್ಗಿದರೆ ಮಾತ್ರ ಡೀಸೆಲ್ ಸಾಲುತ್ತಿಲ್ಲ ಅಂತ. ಆಗ ಫಿಲ್ಟರ್‌ನ ಏರ್ ಸ್ಕ್ರೂ ಸಡಿಲಿಸಿ ಲಿಫ್ಟ್ ಪಂಪ್ ಲಿವರ್ ಒತ್ತಿ ನೋಡಿ. ಗುಳ್ಳೆ ಇಲ್ಲದೆ ಧಾರೆಯಾಗಿ ಬರಬೇಕು. ಇಂಜೆಕ್ಷನ್ ಪಂಪ್ ಫ್ಲ್ಯಾಂಜ್ ಗೆರೆ ಟೈಮಿಂಗ್ ಕೇಸ್ ಗೆರೆಗೆ ಕೂತಿದೆಯಾ ನೋಡಿ. ಟೈಮಿಂಗ್ (ಡೀಸೆಲ್ ಚಿಮ್ಮೋ ಹೊತ್ತು) ತಡವಾದರೆ ಬಿಳಿ ಹೊಗೆ, ಎಳೆತ ಇರಲ್ಲ. ಮುಂಚೆಯಾದರೆ ಗಟ್ಟಿ ಬಡಿತ.

ಇಷ್ಟಾದರೂ ಎಳೆಯದಿದ್ದರೆ ಐಡಲ್‌ನಲ್ಲಿ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ. ಬುಸ್ ಬುಸ್ ಅಂತ ಹೊಗೆ ತಳ್ಳಿದರೆ ಪಿಸ್ಟನ್ ರಿಂಗ್, ಲೈನರ್ (ಸಿಲಿಂಡರ್ ಒಳಗಿನ ಕೊಳವೆ) ಕೆಲಸ ತಪ್ಪಲ್ಲ. ಲೈನರ್ ಡ್ರೈ ಟೈಪ್, ಅಂದರೆ ಕೂಲಿಂಗ್ ನೀರಿಗೆ ನೇರ ತಾಗಲ್ಲ. ಹೆಡ್‌ನ ತಳ ಸವೆಸಿ ಕಂಪ್ರೆಷನ್ ಏರಿಸೋ ಆಸೆ ಬೇಡ: ದಹನದ ಕುಳಿ ಪಿಸ್ಟನ್ ತಲೆಯಲ್ಲೇ ಇರೋದರಿಂದ ಕಂಪ್ರೆಷನ್ ಹೆಚ್ಚೇನೂ ಏರಲ್ಲ, ಮೇಲಾಗಿ ವಾಲ್ವ್ ಪಿಸ್ಟನ್‌ಗೆ ತಾಗೋ ಅಪಾಯ.

ಕೆಂಪುಮಣ್ಣು:
ಎಂಜಿನ್ ವೇಗಕ್ಕೆ ಮಿತಿ ಹಾಕೋ ಗವರ್ನರ್‌ನ ಸೀಲ್ ಬಿಚ್ಚಿ ಆರ್‌ಪಿಎಂ ಏರಿಸಿದರೆ? ಟರ್ಬೊ ಬಗ್ಗೆ ಏನಂತೀರಿ?

ಡೀಸೆಲ್ ಪಂಪು:
ಇದರ ನಂತರದ ಮಾದರಿ 35ಎಕ್ಸ್‌ನ 44.5 ಎಚ್‌ಪಿ 2250 ಆರ್‌ಪಿಎಂನದು. 2000ದಿಂದ ಅಲ್ಲಿಗೆ ಹೋದರೆ ಕನೆಕ್ಟಿಂಗ್ ರಾಡ್ ಮೇಲಿನ ಜಡತ್ವದ ಹೊರೆ ಶೇ. 27ರಷ್ಟು ಏರುತ್ತೆ. ಲೋಡ್ ಬಿದ್ದು 1400ಕ್ಕೆ ಇಳಿದ ಎಂಜಿನ್‌ಗೆ ಅದರಿಂದ ಯಾವ ಲಾಭವೂ ಇಲ್ಲ. ಅಲ್ಲಿ ಬೇಕಿರೋದು ಟಾರ್ಕ್, ಅಂದರೆ ತಿರುಗಿಸೋ ಬಲ.

ಟರ್ಬೊ ಗಾಳಿ ಕೊಡುತ್ತೆ, ನಿಜ. ಆದರೆ ಆ ಒತ್ತಡಕ್ಕೆ ತಕ್ಕ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಆಯಿಲ್ ಲೈನ್, ಕೂಲಿಂಗ್ ಎಲ್ಲ ಬೇರೆ ಬೇಕು. ಹಿಂದಿನ ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್ ಮಾತ್ರ 40 ಎಚ್‌ಪಿ ಲೆಕ್ಕದವೇ. ಈ ಗಾಡಿಗೆ ನಾನು ಬೇಡ ಅಂತೀನಿ.

ಎರೆಹೊಲ:
ಎಂಜಿನ್ ಬಿಚ್ಚೋ ಮುಂಚೆ ಚಕ್ರ ಎಷ್ಟು ಜಾರುತ್ತೆ ಅಳೆಯಿರಿ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಕಲ್ಟಿವೇಟರ್ ಎತ್ತಿಕೊಂಡು 10 ಸುತ್ತಿಗೆ ಎಷ್ಟು ಮೀಟರ್ ಹೋಯ್ತು, ಇಳಿಸಿಕೊಂಡು ಎಷ್ಟು ಹೋಯ್ತು ನೋಡಿ. 38 ಮೀಟರ್ ಇದ್ದದ್ದು 33 ಆದರೆ 13% ಜಾರಿಕೆ, ಪರವಾಗಿಲ್ಲ. 29 ಆದರೆ ಎಂಜಿನ್ ಶಕ್ತಿಯ ಕಾಲು ಭಾಗ ಮಣ್ಣು ಕೆರೆಯೋದಕ್ಕೇ ಹೋಗ್ತಿದೆ. ಟ್ಯೂಬ್ ವಾಲ್ವ್ ಮೇಲ್ಗಡೆ ಬರೋ ಹಾಗೆ ಚಕ್ರ ನಿಲ್ಲಿಸಿ ಭಾರಕ್ಕೆ ಟ್ಯೂಬ್ ಒಳಗೆ ಮುಕ್ಕಾಲು ಭಾಗ ನೀರು ತುಂಬಿಸಿ, ಸವೆದ ಟೈರ್ ಬದಲಿಸಿ. ಆಮೇಲೂ ಕುಗ್ಗಿದರೆ ಕಲ್ಟಿವೇಟರ್‌ನ ಹೊರಗಿನ ಎರಡು ಹಲ್ಲು ಬಿಚ್ಚಿ, ಇಲ್ಲವೇ ಒಂದು ಗೇರ್ ಇಳಿಸಿ.