ವಿಜ್ಞಾನ ಬಿಟ್ಟು ಬಂದ ಮಕ್ಕಳಿಗೆ ವಿಜ್ಞಾನ ಹೇಗೆ ಕಲಿಸುತ್ತೀರಿ?

ಹೊಸ_ಅಧ್ಯಾಪಕಿ:
ಎಲ್ಲರಿಗೂ ನಮಸ್ಕಾರ. ಕಾಲೇಜಿನಲ್ಲಿ ಕಲಾ ಮತ್ತು ವಾಣಿಜ್ಯ ವಿಭಾಗದ ಮಕ್ಕಳಿಗೆ ಈ ಸೆಮಿಸ್ಟರ್‌ನಿಂದ ವಿಜ್ಞಾನದ ಒಂದು ಪೇಪರ್ ತೆಗೆದುಕೊಳ್ಳುತ್ತಿದ್ದೇನೆ. ವಾರಕ್ಕೆ ಎರಡೇ ಗಂಟೆ. ಸಿಲಬಸ್‌ನಲ್ಲಿ ಪರಮಾಣುವಿನಿಂದ ಹಿಡಿದು ಹವಾಮಾನದವರೆಗೆ ಎಲ್ಲಾ ಇದೆ. ನೋಟ್ಸ್ ಕೊಟ್ಟರೆ ಬಾಯಿಪಾಠ ಮಾಡಿ ಬರೆದುಬಿಡುತ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಮೊನ್ನೆ ನಡೆದದ್ದು ಮನಸ್ಸಿನಿಂದ ಹೋಗುತ್ತಲೇ ಇಲ್ಲ. ವೈರಸ್ಸಿಗೂ ಬ್ಯಾಕ್ಟೀರಿಯಾಕ್ಕೂ ಇರುವ ವ್ಯತ್ಯಾಸವನ್ನು ಟೆಸ್ಟಿನಲ್ಲಿ ಚೆನ್ನಾಗಿ ಬರೆದು ಹತ್ತಕ್ಕೆ ಒಂಬತ್ತು ತೆಗೆದುಕೊಂಡ ಹುಡುಗಿ, ಅದೇ ವಾರ ನೆಗಡಿಗೆ ಅಂತ ಮನೆಯಲ್ಲಿ ಉಳಿದಿದ್ದ ಆಂಟಿಬಯಾಟಿಕ್ ಮಾತ್ರೆ ನುಂಗಿ ಬಂದಿದ್ದಳು. ವೈರಸ್ಸಿಗೆ ಆಂಟಿಬಯಾಟಿಕ್ ಕೆಲಸ ಮಾಡಲ್ಲ ಅಂತ ನೀನೇ ಬರೆದಿದ್ದೆಯಲ್ಲಮ್ಮಾ ಅಂದರೆ, "ಅದು ಪಾಠ ಅಲ್ವಾ ಮೇಡಂ" ಅಂದಳು. ಉಡಾಫೆಯಿಂದ ಹೇಳಲಿಲ್ಲ. ಎರಡಕ್ಕೂ ಸಂಬಂಧ ಇದೆ ಅಂತ ನಿಜವಾಗಿಯೂ ಅವಳಿಗೆ ಹೊಳೆದಿರಲಿಲ್ಲ.

ಇಷ್ಟು ಕಡಿಮೆ ಹೊತ್ತಿನಲ್ಲಿ ಏನು ಬಿಡಲಿ, ಏನು ಹಿಡಿದುಕೊಳ್ಳಲಿ? ಕಲಿಸಿದ ಅನುಭವ ಇರುವವರು ದಯವಿಟ್ಟು ಹೇಳಿ.

ಲ್ಯಾಬ್_ಮೇಷ್ಟ್ರು:
ಮೇಡಂ, ಅರ್ಧ ಸಿಲಬಸ್ ಮೇಲೆ ಮೇಲೆ ಮುಗಿಸಿ. ಮೊದಲ ಕ್ಲಾಸಿಗೆ ಒಂದು ತಟ್ಟೆ, ನೀರು, ಗಾಜಿನ ಲೋಟ, ಮೂರು ಸಣ್ಣ ಮೇಣದಬತ್ತಿ ತೆಗೆದುಕೊಂಡು ಹೋಗಿ. ನೀರಿನ ತಟ್ಟೆಯಲ್ಲಿ ಉರಿಯುವ ಬತ್ತಿಯ ಮೇಲೆ ಲೋಟ ಬೋರಲು ಹಾಕಿದರೆ ಬತ್ತಿ ಆರುತ್ತದೆ, ನೀರು ಒಳಗೆ ಏರುತ್ತದೆ. ಶಾಲೆಯಲ್ಲಿ ನೋಡಿದ್ದೇ. ಯಾಕೆ ಅಂತ ಕೇಳಿ. "ಆಮ್ಲಜನಕ ಖರ್ಚಾಯ್ತು, ಆ ಜಾಗಕ್ಕೆ ನೀರು ಬಂತು, ಗಾಳಿಯಲ್ಲಿ 21% ಆಮ್ಲಜನಕ ಇದೆ" ಅಂತ ಒಂದೇ ಉಸಿರಿಗೆ ಹೇಳುತ್ತಾರೆ. ನೀವು ಸರಿ ತಪ್ಪು ಏನೂ ಹೇಳಬೇಡಿ. ಹಾಗಿದ್ದರೆ ನೀರು ಯಾವಾಗ ಏರಬೇಕು, ಬತ್ತಿ ಉರಿಯುವಾಗಲೋ ಆರಿದ ಮೇಲೋ, ಅಂತ ಕೇಳಿ ಪ್ರತಿಯೊಬ್ಬರ ಉತ್ತರ ಬರೆಸಿ. ಇನ್ನೊಮ್ಮೆ ಮಾಡಿ.

ಈ ಸಲ ಕಣ್ಣಿಟ್ಟು ನೋಡುತ್ತಾರೆ. ಉರಿಯುವಾಗ ನೀರು ಅಷ್ಟಾಗಿ ಏರುವುದಿಲ್ಲ, ಆರುತ್ತಿದ್ದ ಹಾಗೇ ಸರ್ರನೆ ಏರುತ್ತದೆ. ಆಮೇಲೆ ಅದೇ ಲೋಟದೊಳಗೆ ಮೂರು ಬತ್ತಿ ಇಟ್ಟು ಮಾಡಿ. ಲೋಟ ಅದೇ, ಆಮ್ಲಜನಕವೂ ಅಷ್ಟೇ, ಆದರೆ ನೀರು ಜಾಸ್ತಿ ಏರುತ್ತದೆ! ಲೋಟದ ಅಂಚಿನಿಂದ ಗುಳ್ಳೆ ಹೊರಬರುವುದನ್ನು ಯಾರಾದರೂ ಒಬ್ಬರು ಗಮನಿಸಿದರೆ ಸಾಕು, ಮುಂದಿನದ್ದು ಅವರೇ ಕಟ್ಟುತ್ತಾರೆ. ಬಿಸಿಗೆ ಗಾಳಿ ಹಿಗ್ಗಿ ಸ್ವಲ್ಪ ಹೊರಗೆ ಹೋಯಿತು, ಉಳಿದದ್ದು ತಣ್ಣಗಾಗಿ ಕುಗ್ಗಿತು, ಹೊರಗಿನ ಒತ್ತಡ ನೀರನ್ನು ಒಳಗೆ ತಳ್ಳಿತು. ಒಂದು ಮಾತು ನಿಜವಾಗಿದ್ದರೆ ಕಣ್ಣಿಗೆ ಏನು ಕಾಣಬೇಕಿತ್ತು ಅಂತ ಕೇಳಿಕೊಳ್ಳುವ ಅಭ್ಯಾಸ, ನನ್ನ ಪ್ರಕಾರ ಇದೊಂದನ್ನು ಹಿಡಿದುಕೊಳ್ಳಿ.

ಎಣಿಕೆ:
ಮೇಷ್ಟ್ರ ಮಾತು ಒಪ್ಪುತ್ತೇನೆ. ಆದರೆ ಕಾಲೇಜು ಬಿಟ್ಟ ಮೇಲೆ ಈ ಮಕ್ಕಳ ಹತ್ತಿರ ವಿಜ್ಞಾನ ಬರುವುದು ಮೇಣದಬತ್ತಿಯಾಗಿ ಅಲ್ಲ, ಶೇಕಡಾ ಲೆಕ್ಕವಾಗಿ. ಅದಕ್ಕೆ ಎರಡು ಕ್ಲಾಸ್ ಎತ್ತಿಡಿ. 1995ರಲ್ಲಿ ಬ್ರಿಟನ್‌ನಲ್ಲಿ, ಹೊಸ ಬಗೆಯ ಗರ್ಭನಿರೋಧಕ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟು ಆಗುತ್ತದೆ ಅಂತ ಎಚ್ಚರಿಕೆ ಹೊರಬಿತ್ತು. ಸುಳ್ಳೇನಲ್ಲ. ಆದರೆ ಸುಮಾರು 7000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತಿತ್ತು, ಅಷ್ಟೇ. ಗಾಬರಿಯಲ್ಲಿ ಬಹಳ ಜನ ಮಾತ್ರೆ ನಿಲ್ಲಿಸಿದರು, ಮುಂದಿನ ವರ್ಷ ಗರ್ಭಪಾತಗಳು ಸಾವಿರಗಟ್ಟಲೆ ಹೆಚ್ಚಾದವು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಆ ಮಾತ್ರೆಗಿಂತಲೂ ಹೆಚ್ಚು ಅನ್ನುವುದನ್ನು ಅವರಿಗೆ ಯಾರು ಹೇಳಬೇಕಿತ್ತು? "ಎರಡು ಪಟ್ಟು" ಅಂತ ಕಂಡ ಕೂಡಲೇ "ಎಷ್ಟರ ಎರಡು ಪಟ್ಟು?" ಅಂತ ಬಾಯಿಗೆ ಬರಬೇಕು.

ಇನ್ನೊಂದು ಲೆಕ್ಕ. ಸಾವಿರದಲ್ಲಿ ಒಬ್ಬರಿಗೆ ಇರುವ ಕಾಯಿಲೆ, ಆರೋಗ್ಯವಂತರಲ್ಲೂ 5% ಜನರಿಗೆ ತಪ್ಪಾಗಿ ಪಾಸಿಟಿವ್ ತೋರಿಸುವ ಟೆಸ್ಟ್. ಒಬ್ಬರಿಗೆ ಪಾಸಿಟಿವ್ ಬಂದರೆ ನಿಜವಾಗಿ ಕಾಯಿಲೆ ಇರುವ ಸಾಧ್ಯತೆ ಎಷ್ಟು? 1978ರಲ್ಲಿ ಹಾರ್ವರ್ಡ್‌ನ 60 ಡಾಕ್ಟರ್‌ಗಳು ಮತ್ತು ವೈದ್ಯಕೀಯ ವಿದ್ಯಾರ್ಥಿಗಳಿಗೆ ಇದನ್ನೇ ಕೇಳಿದಾಗ ಸರಿಯಾಗಿ ಹೇಳಿದವರು 11 ಜನ. ಬೋರ್ಡಿನ ಮೇಲೆ 1000 ಜನ ಅಂತ ಬರೆದುಕೊಳ್ಳಿ. ಕಾಯಿಲೆಯವನು ಒಬ್ಬ, ತಪ್ಪು ಪಾಸಿಟಿವ್ ಸುಮಾರು 50. ಅಂದರೆ 51ರಲ್ಲಿ ಒಬ್ಬ, 2%. ಸೂತ್ರ ಬೇಡವೇ ಬೇಡ. ತಲೆ ಎಣಿಸಿದರೆ ವಾಣಿಜ್ಯದ ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ.

ಹಳೇ_ಡೆಸ್ಕ್:
ಇಬ್ಬರೂ ಹೇಳಿದ್ದು ಒಳ್ಳೆಯದೇ, ಆದರೆ ಒಂದು ಎಚ್ಚರ ಇರಲಿ. ನಾನು ಮೂರು ವರ್ಷ ಬರೀ ಅನುಮಾನ ಪಡುವುದನ್ನೇ ಕಲಿಸಿದೆ. ಕೊನೆಗೆ ಒಬ್ಬ ಹುಡುಗ ಬಂದು, "ಸರ್, ಶಾಲೆಯಲ್ಲಿ ಹೇಳಿದ್ದೇ ತಪ್ಪು ಅಂದ್ರಿ, ಹಾಗಾದ್ರೆ ಲಸಿಕೆ ಬಗ್ಗೆ ಹೇಳೋದನ್ನ ಮಾತ್ರ ಯಾಕೆ ನಂಬ್ಬೇಕು" ಅಂದ. ತಪ್ಪು ಅವನದ್ದಲ್ಲ. ಯಾವಾಗ ನಂಬಬೇಕು ಅನ್ನುವ ಅರ್ಧವನ್ನು ನಾನು ಕಲಿಸಿಯೇ ಇರಲಿಲ್ಲ.

ಈಗ ಅವನ ಪ್ರಶ್ನೆಯನ್ನೇ ಪಾಠ ಮಾಡಿಕೊಂಡಿದ್ದೇನೆ. 1998ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ, ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ (ಮಾತು, ಒಡನಾಟದ ಬೆಳವಣಿಗೆ ಬೇರೆ ರೀತಿ ಇರುವ ಸ್ಥಿತಿ) ನಂಟು ಇರಬಹುದು ಅನ್ನುವ ಲೇಖನ ಬಂತು. ಅದರಲ್ಲಿದ್ದದ್ದು 12 ಮಕ್ಕಳು. 2010ರಲ್ಲಿ ಪತ್ರಿಕೆಯೇ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2019ರಲ್ಲಿ ಡೆನ್ಮಾರ್ಕ್‌ನ ಆರೂವರೆ ಲಕ್ಷ ಮಕ್ಕಳ ದಾಖಲೆ ನೋಡಿದಾಗ ಲಸಿಕೆ ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಆಟಿಸಂ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ. 12 ಅಂತ ಬೋರ್ಡಿನ ಒಂದು ಕಡೆ, 6,57,461 ಅಂತ ಇನ್ನೊಂದು ಕಡೆ ಬರೆದು ಸುಮ್ನೆ ಎರಡು ನಿಮಿಷ ನಿಲ್ಲುತ್ತೇನೆ. ತಪ್ಪು ತಿದ್ದಿದ್ದು ಯಾರು ಅಂತ ಕೇಳಿದರೆ ಮಕ್ಕಳೇ ಹೇಳುತ್ತಾರೆ, ಬೇರೆ ವಿಜ್ಞಾನಿಗಳು ಮತ್ತು ಪತ್ರಕರ್ತರು ಅಂತ.

ಹೊಸ_ಅಧ್ಯಾಪಕಿ:
ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೇಣದಬತ್ತಿ ಮಾಡಿದೆ ಮೇಷ್ಟ್ರೇ. ಮೊದಲ ಸಲ ಲೋಟ ತಟ್ಟೆಗೆ ಒತ್ತಿ ಕೂತು ನೀರು ಒಳಗೆ ಬರಲೇ ಇಲ್ಲ, ಲೋಟದ ಅಡಿಗೆ ಎರಡು ನಾಣ್ಯ ಇಟ್ಟ ಮೇಲೆ ಸರಿಹೋಯಿತು. ನೀರು ಉರಿಯುವಾಗಲೇ ಏರುತ್ತದೆ ಅಂತ ಬರೆದವರೇ ಜಾಸ್ತಿ. ಮೂರು ಬತ್ತಿ ಇಟ್ಟಾಗ ಹಿಂದಿನ ಬೆಂಚಿನವರೂ ಎದ್ದು ಬಂದು ಮೇಜಿನ ಸುತ್ತ ನಿಂತರು.

ಆಂಟಿಬಯಾಟಿಕ್ ನುಂಗಿದ್ದ ಹುಡುಗಿ ಕ್ಲಾಸ್ ಮುಗಿದ ಮೇಲೆ ಬಂದು ಕೇಳಿದಳು: "ಮೇಡಂ, ಮಾತ್ರೆ ತಗೊಂಡೆ, ಐದು ದಿನಕ್ಕೆ ನೆಗಡಿ ವಾಸಿಯಾಯ್ತು. ತಗೊಳ್ದೇ ಇದ್ದಿದ್ರೆ ಎಷ್ಟು ದಿನ ಆಗ್ತಿತ್ತು ಅಂತ ಹೇಗೆ ಗೊತ್ತಾಗುತ್ತೆ?"

ಉತ್ತರ ಹೇಳಲಿಲ್ಲ. ನಾಳಿನ ಕ್ಲಾಸಿನಲ್ಲಿ ಅವಳ ಪ್ರಶ್ನೆಯನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಎಣಿಕೆ ಅವರೇ, ಇದಕ್ಕೂ ಹೀಗೇ ತಲೆ ಎಣಿಸಿ ಮಾಡುವ ಲೆಕ್ಕ ಇದ್ದರೆ ಇವತ್ತು ರಾತ್ರಿಯೊಳಗೆ ಹಾಕಿ.