ಸಹಾಯ ಬೇಕು: ರ‍್ಯಾಮ್ ಹಾಕಿಸಿದ ಮೇಲೆ ಪದೇ ಪದೇ ನೀಲಿ ಪರದೆ
ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್‌ಗೆ ಕಳೆದ ತಿಂಗಳು ಇನ್ನೊಂದು 8 ಜಿಬಿ ಡಿಡಿಆರ್4 ರ‍್ಯಾಮ್ ಹಾಕಿಸಿದಂದಿನಿಂದ, ವಿಡಿಯೊ ನೋಡುವಾಗಲಷ್ಟೇ ಅಲ್ಲ, ಏನೂ ಮಾಡದೆ ಸುಮ್ಮನೆ ಬಿಟ್ಟಿದ್ದಾಗಲೂ ನೀಲಿ ಪರದೆ ಬಂದು ಕಂಪ್ಯೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದೆ. ಆ ಪರದೆಯಲ್ಲಿ ಕಾಣುವ ಸ್ಟಾಪ್ ಕೋಡ್ (ದೋಷದ ಹೆಸರು) ಹೆಚ್ಚಾಗಿ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದಿರುತ್ತದೆ. ಡ್ರೈವರ್‌ಗಳನ್ನು ಅಪ್‌ಡೇಟ್ ಮಾಡಿದ್ದೇನೆ. ರ‍್ಯಾಮ್‌ನ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿಯೂ ನೋಡಿದೆ (ಅಂಗಡಿಯವರು ಹೇಳಿದ ಉಪಾಯ ಅದೊಂದೇ). ಒಂದೊಂದನ್ನೇ ಹಾಕಿ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ) ನಾಲ್ಕು ಸುತ್ತು ಓಡಿಸಿದಾಗ ಯಾವ ದೋಷವೂ ಕಾಣಲಿಲ್ಲ, ಆದರೆ ಎರಡನ್ನೂ ಒಟ್ಟಿಗೆ ಹಾಕಿದರೆ ಎರಡನೇ ಸುತ್ತಿನಲ್ಲೇ ದೋಷಗಳ ಸಾಲು ಬೆಳೆಯುತ್ತದೆ. ಹಳೆಯದು 2666, ಹೊಸದು 3200 ಮೆಗಾಹರ್ಟ್ಸ್‌ನದು. ಬಯೋಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಆಯ್ಕೆ) ಆಫ್ ಮಾಡಿ ಎರಡನ್ನೂ 2666ರಲ್ಲಿ ನಿಲ್ಲಿಸಿದರೆ ಸಾಕೇ, ಇಲ್ಲವೇ ಒಂದೇ ಬಗೆಯ ಜೋಡಿಯನ್ನೇ ಕೊಳ್ಳಬೇಕೇ? ಇದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.